ಹೊಟ್ಟೆಕಿಚ್ಚಿನ ಶಿಫಾರಸು

ಶಿಕ್ಷಕರ ತರಬೇತಿ ಕೇಂದ್ರ
ಜೂನ್ ೧೪, ಸಂಜೆ

ಪ್ರೀತಿಯ ಗುಬ್ಬಚ್ಚಿ,

ನಿನಗೂ ನಿಮ್ಮ ಶಾಲೆಯ ಎಲ್ಲ ಶಿಕ್ಷಕರಿಗೂ ನನ್ನ ನಮಸ್ಕಾರ. ಮೊನ್ನೆ ನಿನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರಲು ಅವಕಾಶ ಮಾಡಿಕೊಟ್ಟ ನಿಮ್ಮ ಹಿರಿಯ ಮುಖ್ಯೋಪಾಧ್ಯಾಯರಿಗೆ ನನ್ನ ಕೃತಜ್ಞತೆ ತಿಳಿಸು. ಪಾಠ ಮುಗಿದೊಡನೆ ಬಸ್ಸಿನ ನೆಪ ಹೇಳಿ ಎದ್ದು ಬಂದೆ. ಬಸ್ಸಿಗೆ ಇನ್ನೂ ಸಾಕಷ್ಟು ಹೊತ್ತಿತ್ತು.

ಕಾರಣ ಹೇಳುತ್ತೇನೆ. ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ ಎಂದು ನೀನು ಕೇಳಿದಾಗ, ಕಿಟಕಿಯ ಪಕ್ಕದ ಹುಡುಗಿ ನಾಲ್ಕೇ ತಾನೆ ದೊಡ್ಡದು ಎಂದಳು. ನಾನಾಗಿದ್ದರೆ ಒಂದೇ ಮಾತಿನಲ್ಲಿ ತಿದ್ದಿ ಮುಂದೆ ಹೋಗುತ್ತಿದ್ದೆ. ನೀನು, ಒಂದು ಹಣ್ಣನ್ನು ನಾಲ್ವರಿಗೆ ಹಂಚಿ ನೋಡು ಎಂದು ಹೇಳಿ ಸುಮ್ಮನೆ ಕೈಕಟ್ಟಿ ನಿಂತೆ. ಎಷ್ಟು ಹೊತ್ತು ನಿಂತೆಯೆಂದರೆ, ನನಗೇ ಚಡಪಡಿಕೆಯಾಯಿತು. ಕೊನೆಗೆ ಅವಳೇ ನಕ್ಕಳು: "ಅಯ್ಯೋ, ಜನ ಜಾಸ್ತಿ ಆದ್ರೆ ನನ್ ಪಾಲು ಕಮ್ಮಿ ಆಗುತ್ತೆ. ಟೀಚರ್, ಇವತ್ತು ನನ್ ತಪ್ಪನ್ನೇ ಬರೀರಿ."

ಕಪ್ಪುಹಲಗೆಯ ಬಲಮೂಲೆಯಲ್ಲಿ 'ಇಂದಿನ ಒಳ್ಳೆಯ ತಪ್ಪು' ಎಂದು ನೀನು ಮೀಸಲಿಟ್ಟ ಜಾಗಕ್ಕಾಗಿ ಮಕ್ಕಳು ಜಗಳವಾಡುವುದನ್ನು ಕಂಡೆ. ನನ್ನ ತರಗತಿಯ ಮಕ್ಕಳು ತಮ್ಮ ತಪ್ಪನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಆ ಮೌನಕ್ಕೆ ಶಿಸ್ತೆಂದು ಹೆಸರಿಟ್ಟು ನಾನು ಹೊಗಳಿಸಿಕೊಂಡೆ.

ನಾನು ಹೊರಡುವಾಗ ಆ ಹುಡುಗಿ ನನ್ನ ಬಳಿ ಬಂದು, ತನ್ನ ಟೀಚರಿಗೆ ಪಾಠ ಹೇಳಿದವರು ನೀವೇ ಏನು ಎಂದು ವಿಚಾರಿಸಿದಳು. ನೀನು ಹಿಂದಿನಿಂದ, "ಹೂಂ ಕಣೇ, ನಂಗೆಲ್ಲ ಕಲಿಸಿದ್ದು ಇವರೇ" ಎಂದೆ. ಗುಬ್ಬಚ್ಚಿ, ಇದನ್ನು ನಾನು ಕಲಿಸಲಿಲ್ಲ. ನನಗೆ ಬಂದರಲ್ಲವೇ ಕಲಿಸುವುದು? ನಿನ್ನ ಆ ಸೌಜನ್ಯ ನನ್ನ ಹೊಟ್ಟೆಯನ್ನು ಇನ್ನಷ್ಟು ಉರಿಸಿತು.

ವೇದಿಕೆ ಸಿಕ್ಕಾಗಲೆಲ್ಲ ನಾನು ಹೇಳುತ್ತ ಬಂದಿದ್ದೇನೆ: ದೇಶ ಉದ್ಧಾರವಾಗಬೇಕಾದರೆ ಅತ್ಯುತ್ತಮ ಶಿಕ್ಷಕರ ಕೈಯಲ್ಲಿ ಉಳಿದ ಶಿಕ್ಷಕರು ತಯಾರಾಗಬೇಕು. ಚಪ್ಪಾಳೆ ಗಿಟ್ಟಿಸಿದ ಆ ಮಾತು ಈಗ ನನ್ನನ್ನೇ ಹಿಡಿದು ನಿಲ್ಲಿಸಿದೆ. ಜುಲೈ ಒಂದಕ್ಕೆ ನಮ್ಮ ಕೇಂದ್ರಕ್ಕೆ ಹೊಸ ಶಿಕ್ಷಕರ ತಂಡ ಬರುತ್ತಿದೆ. ಅವರೊಬ್ಬೊಬ್ಬರೂ ನಿವೃತ್ತಿಯಾಗುವ ಹೊತ್ತಿಗೆ ಒಂದಿಡೀ ತಲೆಮಾರು ಅವರ ಮುಂದೆ ಕುಳಿತು ಎದ್ದಿರುತ್ತದೆ. ಗಣಿತ ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಿದೆ. ನಾನು ನಿನ್ನ ಹೆಸರು ಹೇಳಿದೆ. "ಅಷ್ಟು ಚಿಕ್ಕೋಳ ಮಾತು ಯಾರು ಕೇಳ್ತಾರೆ ಮೇಡಂ?" ಎಂದು ನಿರ್ದೇಶಕರು ನಕ್ಕರು. ಕೊನೆಯ ಬೆಂಚಿನಲ್ಲಿ ಕೂತು ನಾನು ಕೇಳಿ ಬಂದಿದ್ದೇನೆ ಎಂದೆ. ಅವರು ನಿನ್ನ ಫೋನ್ ನಂಬರ್ ಬರೆದುಕೊಂಡರು.

ಮುಂದಿನ ವಾರ ನಿನಗೆ ಫೋನ್ ಮಾಡುತ್ತಾರೆ. 'ನನ್ನ ತರಗತಿಯ ಮಕ್ಕಳನ್ನು ಬಿಟ್ಟು ಬರಲಾರೆ' ಎಂದು ಹಟ ಹಿಡಿಯಬೇಡ.

ಆಶೀರ್ವಾದಗಳೊಂದಿಗೆ,
ನಿನ್ನ ಹಳೆಯ ಟೀಚರ್

ತಾ.ಕ.: ಆ ಜಾಗಕ್ಕೆ ಅರ್ಜಿ ಹಾಕಿದ್ದವಳು ನಾನೊಬ್ಬಳೇ, ಹೆಚ್ಚುಕಡಿಮೆ ನನಗೇ ಆಗಿತ್ತು. ಇವತ್ತು ಬೆಳಿಗ್ಗೆ ಅರ್ಜಿ ಹಿಂತೆಗೆದುಕೊಂಡೆ. ನಿನ್ನ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚೇ. ಅದು ಆರಲೆಂದು ಕಾಯುತ್ತ ಕೂರಬೇಡ. ಬಾ, ಪಾಠ ಶುರು ಮಾಡು.