ಎರಡು ಬಟನ್, ಒಂದೇ ಸುತ್ತು

ಸಾಗರ, 11-9-1989, ಸೋಮವಾರ

ಬೆಳಿಗ್ಗೆ ಮತ್ತೆ ಕರೆಂಟ್ ಇಲ್ಲ. ಬಂದದ್ದು ಹನ್ನೊಂದಕ್ಕೆ. ಚಪ್ಪಲಿ ಹೊರಗೆ ಬಿಟ್ಟು — ಕಂಪ್ಯೂಟರ್ ರೂಮಿಗೆ ಅದೊಂದು ಮಡಿ — ಕೆಲಸ ಶುರು.

ಲಿಂಗನಮಕ್ಕಿ ಅಣೆಕಟ್ಟಿನ ಗೇಟಿನ ನಕ್ಷೆ ಮೇಜಿನಷ್ಟು ದೊಡ್ಡದು, ಪರದೆ ಊಟದ ತಟ್ಟೆಯಷ್ಟು. ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಬೇಕು. ಅದಕ್ಕೇ ನನ್ನ ಪ್ರೋಗ್ರಾಂ. ಮೌಸ್‌ನ ಎಡ ಬಟನ್ ಒತ್ತಿ ಹಿಡಿದು ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೊಂದು ಸುತ್ತು ಹಾಕಿದರೆ ನಕ್ಷೆ ದೊಡ್ಡದು. ಎಡಕ್ಕೆ ಸುತ್ತಿದರೆ ಚಿಕ್ಕದು. ಎಲ್ಲಾ ಒಂದೇ ಬಟನ್‌ನಲ್ಲಿ. ಬಲದ ಬಟನ್ ಪೂರ್ತಿ ಖಾಲಿ. ಇಂಥದ್ದು ಬೇರೆ ಯಾರಿಗೆ ಹೊಳೆದೀತು? ನನಗೆ ಹೊಳೆಯಿತು. ಬರೆದುಕೊಂಡರೆ ತಪ್ಪಿಲ್ಲ.

25ಕ್ಕೆ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆ. ನಡೆಸಿ ತೋರಿಸಬೇಕಾದ್ದು ನಾನಲ್ಲ, ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅವರಿಂದ ಆಗದಿದ್ದರೆ ಮೆಷಿನ್ ಶಿವಮೊಗ್ಗಕ್ಕೆ. ನನ್ನ ಪ್ರೋಗ್ರಾಂ ಕಸದ ಬುಟ್ಟಿಗೆ.

13-9, ಬುಧವಾರ

ಡ್ರಾಫ್ಟ್ಸ್‌ಮನ್ ಮುಕುಂದಯ್ಯನವರು ಮೇಳಿಗೆಯವರು. ಮಾತು ಕಡಿಮೆ. ಗೆರೆ ಎಳೆಯುವಾಗ ಉಸಿರೂ ಬಿಡುವುದಿಲ್ಲ. ಬಲಸುತ್ತು ಊಟದ ಹೊತ್ತಿನೊಳಗೆ ಕಲಿತರು. ಎಡಕ್ಕೆ ಅಂದೆ... ಕೈ ನಿಂತಿತು. ಮೌಸ್ ಬಿಟ್ಟು ಎದ್ದರು.

"ನಂಗೆ ಬರಲ್ಲ ಮೇಡಂ."

"ಬಲಕ್ಕೆ ಬಂದದ್ದು ಎಡಕ್ಕೆ ಬರಲ್ವಾ?"

ಟೀ ಕುಡಿಯಲು ಹೋದವರು ಸಂಜೆವರೆಗೂ ಬರಲಿಲ್ಲ. ಮೈಯೆಲ್ಲಾ ಉರಿಯಿತು. ನಾನು ಚಿಕ್ಕವಳು, ಹೆಂಗಸು ಬೇರೆ — ಅದಕ್ಕೇ ಈ ಅಸಡ್ಡೆ.

14-9, ಗುರುವಾರ

ಇವತ್ತೂ ಅದೇ. ಬಾಯಿ ತಡೆಯಲಿಲ್ಲ.

"ಅಪ್ರದಕ್ಷಿಣೆ ಅಂತನಾ? ಇದೇನು ದೇವಸ್ಥಾನ ಅಲ್ಲ, ಮುಕುಂದಯ್ಯನೋರೇ."

ಪರದೆಯನ್ನೇ ನೋಡುತ್ತಾ ಹೇಳಿದರು.

"ಆ ಸುತ್ತು ಆಷಾಢದಲ್ಲಿ ಬಂದೀನಿ ತಂಗಿ. ಮಗನ ಚಿತೆಗೆ. ಮಡಕೆ ಹೊತ್ಕಂಡು. ಅವನು ನಂಗೆ ಬರಬೇಕಿತ್ತು. ಇದು ಬರೀ ಮೆಷಿನ್ನು, ಗೊತ್ತು. ಕೈ ಆ ಕಡೆ ತಿರುಗಲ್ಲ."

ನಾನು ಇಲ್ಲಿಗೆ ಬಂದು ಒಂದು ತಿಂಗಳು. ಉಳಿದವರಿಗೆಲ್ಲ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ... ನಾನೂ ಯಾರನ್ನೂ ಏನೂ ಕೇಳುವವಳಲ್ಲ.

21-9, ಗುರುವಾರ

ಏನೂ ಬರೆಯಲಿಲ್ಲ ಇಷ್ಟು ದಿನ. ಬಟನ್ ಬದಲಾಯಿಸುವುದು ಅರ್ಧ ದಿನದ ಕೆಲಸ. ಬದಲಾಯಿಸಲು ಮನಸ್ಸು ಒಪ್ಪುವುದಕ್ಕೇ ಇಷ್ಟು ದಿನ ಹಿಡಿಯಿತು. ಹೊಸ ಸೀರೆಗೆ ನಾನೇ ತೇಪೆ ಹಾಕಿದ ಹಾಗಾಯಿತು.

ಈಗ ಎಡ ಬಟನ್ ಹಿಡಿದು ಬಲಸುತ್ತು — ದೊಡ್ಡದು. ಬಲ ಬಟನ್ ಹಿಡಿದು ಅದೇ ಬಲಸುತ್ತು — ಚಿಕ್ಕದು. ಎಡಕ್ಕೆ ಸುತ್ತುವುದೇ ಇಲ್ಲ.

ಮುಕುಂದಯ್ಯನವರು ಒಮ್ಮೆ ಮಾಡಿ ನೋಡಿದರು. ಮತ್ತೊಮ್ಮೆ. ಆಮೇಲೆ ಯಾರೂ ಹೇಳದೆಯೇ ಮಧ್ಯಾಹ್ನವೆಲ್ಲ ಅಲ್ಲೇ ಕೂತರು. ಗೇಟಿನ ಒಂದೊಂದು ಬೋಲ್ಟನ್ನೂ ಹತ್ತಿರ ತಂದು ನೋಡಿದರು. ಹೊಟ್ಟೆ ತುಂಬಿತು ನನಗೆ.

25-9, ಸೋಮವಾರ, ಸಂಜೆ

ಸಾಹೇಬರು ಬಂದರು. ಮುಕುಂದಯ್ಯನವರ ಕೈ ಒಂದೇ ಒಂದು ಸಲವೂ ತಡವರಿಸಲಿಲ್ಲ. ಮೆಷಿನ್ ಇಲ್ಲೇ ಇರಲಿ ಅಂದುಬಿಟ್ಟರು ಸಾಹೇಬರು. ನಾನು ನೆಲದ ಮೇಲಿರಲಿಲ್ಲ.

ಹೊರಡುವಾಗ ಸಾಹೇಬರು ನನ್ನ ಕಡೆ ತಿರುಗಿದರು. "ಒಂದು ಬಟನ್ ದಂಡ ಮಾಡಿದೀರಲ್ಲಮ್ಮ. ಎಡಕ್ಕೆ ಸುತ್ತಿದರೆ ಚಿಕ್ಕದು ಅಂತ ಇಟ್ಟಿದ್ರೆ ಒಂದೇ ಬಟನ್ ಸಾಕಿತ್ತು. ಇಷ್ಟು ಸುಲಭದ್ದು ಹೊಳೀಲಿಲ್ವಾ?"

ಎಲ್ಲರೂ ನಕ್ಕರು. ಹೊಳೆದದ್ದು ನನಗೇ, ನಿಮಗಿಂತ ಮೊದಲೇ — ನಾಲಿಗೆ ತುದಿಗೆ ಬಂದಿತ್ತು. ಮುಕುಂದಯ್ಯನವರು ತಲೆ ತಗ್ಗಿಸಿ ನಿಂತಿದ್ದರು. ಮತ್ತೆ ಬದಲಾಯಿಸಿದ್ದು ಯಾಕೆ ಅಂತ ಸಾಹೇಬರು ಕೇಳಿದರೆ ಎಲ್ಲರ ಮುಂದೆ ಮಗನ ಮಾತು ಬರುತ್ತದೆ.

"ಹೊಳೀಲಿಲ್ಲ ಸಾರ್," ಅಂದೆ.

ದಡ್ಡಿ ಅನ್ನಿಸಿಕೊಂಡು ಮನೆಗೆ ಬಂದೆ. ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಯಾರಿಗೂ ಹೇಳುವ ಹಾಗಿಲ್ಲ ಅನ್ನುವುದೇ ಕಷ್ಟ...

ಬಾಗಿಲು ತಟ್ಟುತ್ತಿದ್ದಾರೆ. "ತಂಗಿ, ಇದೀಯಾ?" — ಮುಕುಂದಯ್ಯನವರ ದನಿ. ನನ್ನ ಮನೆಗೆ ಯಾವತ್ತೂ ಬಂದವರಲ್ಲ. ಹೋಗಿ ಬಾಗಿಲು ತೆಗೆಯಬೇಕು.