ಹದಿಮೂರನೆಯ ಬೆಡ್

ಜುಲೈ 19, ಭಾನುವಾರ

ಆ ಸಾಲನ್ನು ನಾನು ಹೊಡೆದುಹಾಕುವುದಿಲ್ಲ. ಮೇಟ್ರನ್ ಮೇಡಂ ಮೂರು ಸಲ ಫೋನ್ ಮಾಡಿದರು. ಮಾಡಲಿ.

ನಮ್ಮ ಕೊರೊನಾ ವಾರ್ಡಿನಲ್ಲಿ ಇರುವುದು ಹನ್ನೆರಡೇ ಬೆಡ್. ಡ್ಯೂಟಿ ಮುಗಿಸುವ ನರ್ಸು ಪ್ರತಿ ರೋಗಿಯ ಸ್ಥಿತಿಯನ್ನೂ ರಿಪೋರ್ಟ್ ಬುಕ್ಕಿನಲ್ಲಿ ಬರೆದು ಮುಂದಿನ ಪಾಳಿಯವಳಿಗೆ ಒಪ್ಪಿಸಬೇಕು. ಇವತ್ತು ಹನ್ನೆರಡನ್ನೂ ಬರೆದ ಮೇಲೆ ಕೈ ನಿಲ್ಲಲಿಲ್ಲ.

‘ಬೆಡ್ 13: ಹೆಂಗಸು, ನಲವತ್ತೊಂದು ವರ್ಷ. ಮೈತುಂಬ ರಕ್ಷಣಾ ಕವಚ ತೊಟ್ಟು ಹದಿನಾಲ್ಕು ಗಂಟೆಯಿಂದ ನಿಂತೇ ಇದ್ದಾಳೆ. ಬೆಳಿಗ್ಗೆಯಿಂದ ಹನಿ ನೀರು ಕುಡಿದಿಲ್ಲ, ಮೂತ್ರಕ್ಕೆ ಹೋಗಿಲ್ಲ. ಸಲಹೆ: ರಜೆ.’

ಕೆಳಗೆ ನನ್ನದೇ ಸಹಿ.

“ತಲೆ ಕೆಟ್ಟಿದೆಯೇನ್ರೀ? ನಾಳೆ ದೊಡ್ಡ ಡಾಕ್ಟ್ರು ನೋಡ್ತಾರೆ. ಬಂದು ಅದನ್ನ ಹೊಡೆದುಹಾಕಿ” ಅಂದರು ಮೇಡಂ.

“ರಿಪೋರ್ಟ್ ಬುಕ್ಕಲ್ಲಿ ಬರೆದಿದ್ದನ್ನ ಸತ್ತರೂ ಹೊಡೆದುಹಾಕಬಾರದು ಅಂತ ಕಲಿಸಿದ್ದು ನೀವೇ ಅಲ್ವಾ ಮೇಡಂ?”

ಮೇಡಂ ದನಿ ಮೆತ್ತಗಾಯಿತು: “ಅಡ್ಜಸ್ಟ್ ಮಾಡ್ಕೊಳಮ್ಮ.”

ನಾಲ್ಕು ತಿಂಗಳಿಂದ ಅದೇ ರಾಗ. ನಮ್ಮನ್ನು ದೇವತೆಗಳು ಅಂತ ಹೊಗಳಿ ಅಟ್ಟಕ್ಕೇರಿಸಿದ್ದಾರೆ. ದೇವತೆಗಳಿಗೆ ಮೂತ್ರ ಬರುವುದಿಲ್ಲ ಅಂದುಕೊಂಡಿದ್ದಾರೋ ಏನೋ!

ಅಮ್ಮ ತಟ್ಟೆಯನ್ನು ನನ್ನ ಕೋಣೆಯ ಬಾಗಿಲ ಹೊರಗಿಟ್ಟು ಅಲ್ಲಿಂದಲೇ ಕೇಳಿದಳು: “ಕೆಲಸ ಹೋದ್ರೆ ಏನೇ ಗತಿ?”

“ನನ್ನ ತೆಗೆದ್ರೆ ಆ ಹನ್ನೆರಡು ಜನರನ್ನ ನೋಡೋಕೆ ಯಾರಿದ್ದಾರಮ್ಮ?”

ಹೇಳುವಾಗ ಜೋರು. ಬಾಗಿಲು ಹಾಕಿಕೊಂಡ ಮೇಲೆ ಬ್ಯಾಂಕಿನ ಪಾಸ್‌ಬುಕ್ ತೆಗೆದು ನೋಡಿದೆ, ಸುಳ್ಳೇಕೆ. ಆದರೂ ಹೊಡೆದುಹಾಕುವುದಿಲ್ಲ.

ಈಗಷ್ಟೇ ರಾತ್ರಿ ಪಾಳಿಯವಳು ಆ ಪುಟದ ಫೋಟೊ ಕಳಿಸಿದ್ದಾಳೆ. ನನ್ನ ಸಾಲು ಹಾಗೇ ಇದೆ. ಅದರ ಕೆಳಗೆ ಅವಳ ಗುಂಡಗಿನ ಅಕ್ಷರದಲ್ಲಿ:

‘ಬೆಡ್ 14: ಹೆಂಗಸು, ಇಪ್ಪತ್ತಾರು ವರ್ಷ. ತನ್ನ ಮಗುವನ್ನು ಎತ್ತಿಕೊಳ್ಳದೆ ಇವತ್ತಿಗೆ ಇಪ್ಪತ್ತೆರಡು ದಿನ.’