ವೇದಿಕೆ ದಾಟಿ ಹೋದವಳು

ಬರ್ಮಂಡ್ಸೆ, ಲಂಡನ್
ಮಂಗಳವಾರ, ೧೪ ನವೆಂಬರ್ ೨೦೧೭

ಪ್ರೀತಿಯ ತಂಗಿ ನೋರೀನ್‌ಗೆ,

ಹೇಗಿದ್ದೀಯ? ಕ್ಲೈವ್‌ನ ಮಂಡಿ ಹೇಗಿದೆ? ಇನ್ನೂ ಮೆಟ್ಟಿಲನ್ನು ಬೆನ್ನು ತಿರುಗಿಸಿಕೊಂಡೇ ಇಳಿಯುತ್ತಾನಾ? ನಿನ್ನ ಮಗಳು ಜನೀನ್‌ಳ ಕೆಮ್ಮು ಹೋಯಿತಾ? ಪುಟ್ಟ ಆಲ್ಫಿಗೆ ಎಷ್ಟು ಹಲ್ಲು ಬಂದವು? ನಾಯಿ ಡ್ಯೂಕ್‌ನನ್ನೂ ಕೇಳಿದೆನೆಂದು ಹೇಳು. ಅವನಿಗೆ ಕಿವಿ ಕೇಳಿಸದಿದ್ದರೂ ಹೇಳು. ನಾನು ಇದ್ದೇನೆ. ಎಪ್ಪತ್ತೆರಡಕ್ಕೆ ಎಷ್ಟು ನೆಟ್ಟಗಿರಬಹುದೋ ಅಷ್ಟು ನೆಟ್ಟಗಿದ್ದೇನೆ.

ಐದು ವಾರ ತಡವಾಯಿತು, ಕ್ಷಮಿಸು. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದೆ. ಫೋನ್ ಮಾಡಿದರೆ ಕ್ಲೈವ್ ಎತ್ತಿ, "ಅವಳು ತೋಟದಲ್ಲಿದಾಳೆ ಬೆಲ್, ಆಮೇಲೆ ಮಾಡ್ತಾಳೆ" ಅನ್ನುತ್ತಾನೆ. ಕಳೆದ ಗುರುವಾರ ನಿಮ್ಮ ಕರಾವಳಿಗೆಲ್ಲ ಬಿರುಗಾಳಿ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಅವತ್ತೂ ನೀನು ತೋಟದಲ್ಲಿದ್ದೆ. ಪಾಪ, ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅವನನ್ನು ಬಯ್ಯಬೇಡ.

ಕೂತಲ್ಲಿ ಕೂರಲು ಆಗುತ್ತಿಲ್ಲ ನನಗೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಕಿಟಕಿ ತೆಗೆದೆ, ಮುಚ್ಚಿದೆ. ಚಹಾ ಮಾಡಿಕೊಂಡು ಎಲ್ಲಿಟ್ಟೆನೋ ಮರೆತೆ. ಈಗ ನೋಡಿದರೆ ಸ್ನಾನದ ಮನೆಯಲ್ಲಿದೆ.

ನಾಟಕ ಚೆನ್ನಾಗಿ ನಡೆಯಿತು. ಒಂದು ವಾರಕ್ಕೆಂದು ಹಾಕಿದ್ದು ಐದು ವಾರ ಓಡಿ ಮೊನ್ನೆ ಭಾನುವಾರ ಮುಗಿಯಿತು. ಪಬ್ಬಿನ ಡೆಕ್ಲನ್ ನನಗಾಗಿ ಮಹಡಿ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದಾನೆ. "ನೀನು ಬಿದ್ದು ಸತ್ರೆ ಜನ ಅದೂ ನಾಟಕ ಅಂದ್ಕೊಂಡು ಚಪ್ಪಾಳೆ ಹೊಡೀತಾರೆ ತಾಯಿ, ನಂಗ್ಯಾಕೆ ಆ ಕರ್ಮ" ಅಂದ.

ಐದು ವಾರದ ಹಿಂದೆ ನೀನು ಬಂದಿದ್ದ ಆ ಭಾನುವಾರದ ವಿಷಯಕ್ಕೆ ಬರುತ್ತೇನೆ.

ಮೂವತ್ತು ವರ್ಷದಲ್ಲಿ ನೀನು ನನ್ನ ನಾಟಕಕ್ಕೆ ಬಂದದ್ದು ಅದೊಂದೇ ಸಲ. ಪಬ್ಬಿನ ಮೇಲಿನ ನಮ್ಮ ಕೋಣೆಯ ರೀತಿ ನಿನಗೆ ಗೊತ್ತಿರಲಿಕ್ಕಿಲ್ಲ. ಮುಚ್ಚಿಹೋದ ಚರ್ಚಿನಿಂದ ತಂದ ಮೂವತ್ತೆಂಟು ಕುರ್ಚಿ, ಒಂದು ಕಂಬಳಿಯಷ್ಟಗಲ ವೇದಿಕೆ. ಇರುವುದೊಂದೇ ಬಾಗಿಲು, ಅದೂ ವೇದಿಕೆಯ ಹಿಂದೆ. ಎದ್ದು ಹೋಗಬೇಕಾದವರು ನಮ್ಮ ನಡುವೆಯೇ ದಾಟಿ ಹೋಗಬೇಕು. ಅದಕ್ಕೇ ಶುರುವಾಗುವ ಮೊದಲು ಡೆಕ್ಲನ್ ಕೂಗುತ್ತಾನೆ: "ಹೋಗೋರೆಲ್ಲ ಈಗ್ಲೇ ಹೋಗ್ಬನ್ನಿ! ಆಮೇಲೆ ಎದ್ರೆ ನೀವೂ ಪಾತ್ರಧಾರಿಗಳೇ!" ತಮಾಷೆಗೆ ಹೇಳುವುದಲ್ಲ ಅದು. ಯಾರಾದರೂ ದಾಟಿದರೆ, ವೇದಿಕೆಯ ಮೇಲಿರುವವರು ಪಾತ್ರ ಬಿಡದೆ ಅವರನ್ನು ಮಾತಾಡಿಸಲೇಬೇಕು. ಮಾತಾಡಿಸದಿದ್ದರೆ ಜನಕ್ಕೆ ಮೋಸವಾದಂತೆ. ಅದಕ್ಕಾಗಿಯೇ ಬೇಕೆಂದು ಬಿಯರ್ ಕುಡಿದು ಬಂದು ಕೂರುವವರೂ ಇದ್ದಾರೆ.

ಆವತ್ತು ಕೆಳಗಿನಿಂದ ಹುರಿದ ಮಾಂಸದ ವಾಸನೆ, ಟೀವಿಯಲ್ಲಿ ಫುಟ್ಬಾಲ್. ಮಾರ್ಸಿಯಾ ಬಸ್ ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಚಾಲಕಿಯ ಅಂಗಿಯ ಮೇಲೇ ಏಪ್ರನ್ ಕಟ್ಟಿಕೊಂಡು ನಿನ್ನ ಪಾತ್ರಕ್ಕೆ ನಿಂತಳು. ನಾನು ಅಮ್ಮ. ಅಮ್ಮನ ಹಸಿರು ಕಾರ್ಡಿಗನ್ ಮೈಮೇಲೆ. ನೆನಪಿಗೆ ಇಟ್ಟುಕೊಳ್ಳುತ್ತೇನೆಂದು ಕೇಳಿ ನಿನ್ನಿಂದ ತರಿಸಿಕೊಂಡದ್ದೇ ಅದು. ನಾಟಕಕ್ಕೆಂದು ಹೇಳಿರಲಿಲ್ಲ. ಅದು ನನ್ನ ತಪ್ಪು.

ಇನ್ನೊಂದು ತಪ್ಪು ನಿನಗೂ ಗೊತ್ತು. ಅಮ್ಮನನ್ನು ಮಣ್ಣು ಮಾಡಿದ ಮರುದಿನ ನೀನು ಪಾತ್ರೆ ತೊಳೆಯುತ್ತಿದ್ದೆ, ನಾನು ಒರೆಸುತ್ತಿದ್ದೆ. ನೀನು ನನ್ನ ಮುಖ ನೋಡದೆ ಹೇಳಿದೆ: "ಹನ್ನೊಂದು ತಿಂಗಳು ಅವಳಿಗೆ ನನ್ನ ಗುರ್ತೇ ಸಿಗ್ಲಿಲ್ಲ ಬೆಲ್. 'ಸ್ನಾನ ಮಾಡ್ಸೋಕೆ ಬರೋ ಹೆಂಗಸು' ಅಂತಿದ್ಲು. ಬಿಸ್ಕೆಟ್ ಡಬ್ಬಿ ತೆಗೆದು, ಮುರಿದಿರೋದು ತಗೋಮ್ಮ, ಇಡೀದು ನನ್ನ ಮಗಳು ಬೆಲ್‌ಗೆ, ಅವಳು ಬರ್ತಾಳೆ, ಅಂತಿದ್ಲು. ಯಾರಿಗೂ ಹೇಳ್ಬೇಡ." ಹೇಳುವುದಿಲ್ಲ ಎಂದೆ. ಆ ಹನ್ನೊಂದು ತಿಂಗಳೂ ನಾನು ಯಾವುದೋ ಊರಿನ ಪಬ್ಬುಗಳಲ್ಲಿ ನಾಟಕ ಆಡಿಕೊಂಡಿದ್ದೆ, ತಿಂಗಳಿಗೊಮ್ಮೆ ಬಂದು ಇಡೀ ಬಿಸ್ಕೆಟ್ ತಿಂದು ಹೋಗುತ್ತಿದ್ದೆ.

ಆ ಮಾತನ್ನು ಹಾಗೆಯೇ ಎತ್ತಿ ನಾಟಕದಲ್ಲಿ ಹಾಕಿದೆ. ಬಿಸ್ಕೆಟ್ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದು, ಮುರಿದದ್ದನ್ನೇ ಚೀಲದಲ್ಲಿ ಮನೆಗೆ ತಂದ ಹೆಂಗಸಿನ ಕಥೆಗೆ ಇದಕ್ಕಿಂತ ಬೇರೆ ಯಾವ ಮಾತು ಸಿಗುತ್ತಿತ್ತು ಹೇಳು. ನೀನು ನೋಡಿದರೆ ಅಳುತ್ತೀಯ, ಆಮೇಲೆ ತಬ್ಬಿಕೊಳ್ಳುತ್ತೀಯ ಎಂದುಕೊಂಡಿದ್ದೆ. ಜನ ನಕ್ಕರು. ಅವರು ನಗುತ್ತಾರೆಂದು ನಾನು ನಿನಗೆ ಮೊದಲೇ ಹೇಳಬೇಕಿತ್ತು.

ಆಗ ಯಾರೋ ಎದ್ದು ದಾಟಿದರು. ದೀಪ ನನ್ನ ಕಣ್ಣಿಗೆ ಹೊಡೆಯುತ್ತಿತ್ತು, ಯಾರೆಂದು ಕಾಣಲಿಲ್ಲ. ಪದ್ಧತಿಯಂತೆ ಅಮ್ಮನ ದನಿಯಲ್ಲೇ, "ಯಾರಮ್ಮ ನೀನು? ನಿನ್ನ ಗುರ್ತು ಸಿಗ್ಲಿಲ್ವಲ್ಲ! ಹೋಗೋದಿದ್ರೆ ಬಾಗ್ಲು ಎಳ್ಕೊಂಡು ಹೋಗು" ಎಂದೆ. ಮೂವತ್ತೇಳು ಜನ ಕುರ್ಚಿ ಕಿರುಗುಟ್ಟುವ ಹಾಗೆ ನಕ್ಕರು. ಮುಗಿದ ಮೇಲೆ ಕೆಳಗೆ ಬಂದರೆ ಡೆಕ್ಲನ್, "ನೀಲಿ ಕೋಟಿನವ್ರು ಹೋಗಿ ಅರ್ಧ ಗಂಟೆ ಆಯ್ತು, ಕೊಡೆ ಬಿಟ್ಟು ಹೋಗಿದಾರೆ" ಅಂದ. ಆಗಲೇ ನನಗೆ ತಿಳಿದದ್ದು ಅದು ನೀನೆಂದು. ಕೊಡೆ ನನ್ನ ಹತ್ತಿರವೇ ಇದೆ.

ಈಗ ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ. ಆವತ್ತು ನದಿಯಾಚೆಯ ದೊಡ್ಡ ರಂಗಮಂದಿರದ ಫೀಲಿಕ್ಸ್ ಎಂಬ ಹುಡುಗ ಬಂದಿದ್ದನಂತೆ. ಅವನಿಗೆ ನಮ್ಮ ನಾಟಕ ಬೇಕು. "ಆ ಹೆಂಗಸು ಎದ್ದು ದಾಟಿ ಹೋಗ್ತಾಳಲ್ಲ ಮೇಡಂ, ಅದೇ ಇಡೀ ನಾಟಕದ ಜೀವ. ಅದನ್ನ ಮಾತ್ರ ತೆಗೀಬೇಡಿ" ಎಂದ. ಅದೂ ನಾನು ಬರೆದದ್ದೆಂದೇ ತಿಳಿದಿದ್ದಾನೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆವಸ್ತ್ರ ಮಡಿಚುತ್ತ ಸಂಭಾಷಣೆ ಬರೆಯಲು ಕಲಿತವಳು ನಾನು, ನೋರೀನ್. ಇಷ್ಟು ವರ್ಷದಲ್ಲಿ ಒಂದು ಸಲವೂ ಆ ಕಡೆಯವರು ಸೇತುವೆ ದಾಟಿ ನನ್ನನ್ನು ಕೇಳಿಕೊಂಡು ಬಂದಿರಲಿಲ್ಲ. ಶುಕ್ರವಾರ ಉತ್ತರ ಕೊಡಬೇಕು.

ಮಾರ್ಸಿಯಾ ಕಡ್ಡಿ ಮುರಿದಂತೆ ಹೇಳಿದಳು: "ನಿನ್ ತಂಗೀನ ಕೇಳ್ದೆ ಮಾಡಿದ್ರೆ ನಾನಿಲ್ಲ ಅಜ್ಜಿ. ಬಸ್ಸೇ ವಾಸಿ. ಅದ್ರಲ್ಲಿ ಇಳಿಯೋರನ್ನ ಯಾರೂ ನೋಡಿ ನಗಲ್ಲ."

ಅದಕ್ಕೇ ಕೇಳುತ್ತಿದ್ದೇನೆ. ನೀನು ಹೂಂ ಎಂದರೆ ಮಾಡುತ್ತೇನೆ, ಬೇಡ ಎಂದರೆ ಬಿಡುತ್ತೇನೆ.

ಕ್ಲೈವ್‌ಗೂ ಜನೀನ್‌ಗೂ ನನ್ನ ಆಶೀರ್ವಾದ. ಆಲ್ಫಿಗೆ ಒಂದು ಮುತ್ತು. ನೀನು ತಣ್ಣೀರಿನಲ್ಲಿ ಕೈಯಿಡಬೇಡ, ಬೆರಳು ಮರಗಟ್ಟುತ್ತವೆ.

ನಿನ್ನ ಅಕ್ಕ,
ಬೆಲ್

ತಾ.ಕ.: ಬುಧವಾರ ಬೆಳಿಗ್ಗೆ. ಇದನ್ನು ಲಕೋಟೆಗೆ ಹಾಕಿ ಅಂಚೆಪೆಟ್ಟಿಗೆಯವರೆಗೂ ಹೋಗಿ ವಾಪಸು ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಎದುರುಮನೆಯವಳು ಕಿಟಕಿಯಿಂದ ನೋಡುತ್ತಿದ್ದಳು. ಲಕೋಟೆ ಒಡೆದು ಇದನ್ನು ಸೇರಿಸುತ್ತಿದ್ದೇನೆ.

ದೀಪ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಅಲ್ಲಿರುವುದು ನಾಲ್ಕೇ ದೀಪ, ಎದುರಿನದು ಆವತ್ತು ಸುಟ್ಟುಹೋಗಿತ್ತು. ನೀನು ಎದ್ದಾಗಲೇ ಕಂಡೆ. ನೀನು ಪಕ್ಕದವರ ಹೆಗಲು ಹಿಡಿದುಕೊಂಡು ಸಾಲಿನಿಂದ ಹೊರಗೆ ಬಂದೆ, ಬಾಯಿಗೆ ಕೈ ಇಟ್ಟುಕೊಂಡಿದ್ದೆ. ನನ್ನ ಹತ್ತಿರ ಬರಲು ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ನಾನು ಪಾತ್ರ ಬಿಟ್ಟು "ನೋರೀನ್" ಎನ್ನಬಹುದಿತ್ತು. ಆ ಹೆಸರು ಬಾಯಿಗೆ ಬಂದಿತ್ತು. ಅದರ ಜೊತೆಗೇ "ಯಾರಮ್ಮ ನೀನು" ಎಂಬ ಆ ಇನ್ನೊಂದು ಮಾತೂ ಬಂತು. ಯಾವುದಕ್ಕೆ ಜನ ನಗುತ್ತಾರೆಂದು ನನಗೆ ಗೊತ್ತಿತ್ತು. ಅಮ್ಮನ ಕಾರ್ಡಿಗನ್ ಹಾಕಿಕೊಂಡು, ಅಮ್ಮನ ದನಿಯಲ್ಲಿ, ನಿನ್ನನ್ನು ನೋಡಿಯೇ ಹೇಳಿದೆ. ಆ ನಗು ನನಗೆ ಹಿತವಾಯಿತು ನೋರೀನ್. ಈಗಲೂ ಕಿವಿಯಲ್ಲಿದೆ, ಈಗಲೂ ಹಿತವಾಗಿದೆ. ಇದನ್ನು ನಾನು ಯಾರಿಗೆ ಹೇಳಲಿ?

ಮೇಲೆ ಕೇಳಿದ್ದನ್ನು ಮರೆತುಬಿಡು. ನೀನು ಹೂಂ ಎಂದರೂ ನಾನು ಮಾಡುವುದಿಲ್ಲ. ಫೀಲಿಕ್ಸ್‌ಗೆ ಈಗ ತಾನೇ ಫೋನ್ ಮಾಡಿ ಹೇಳಿದೆ. "ಯಾಕೆ ಮೇಡಂ?" ಎಂದ. "ಅದು ನಾನು ಬರ್ದಿದ್ದಲ್ಲಪ್ಪ" ಎಂದೆ. ಕಾರ್ಡಿಗನ್ ಒಗೆದು, ಮಡಿಚಿ, ಕೊಡೆಯ ಜೊತೆ ಪೊಟ್ಟಣ ಕಟ್ಟಿದ್ದೇನೆ. ಇದರ ಹಿಂದೆಯೇ ಬರುತ್ತದೆ.

ಬಯ್ದೇ ಬರೆ, ಒಂದೇ ಸಾಲು ಬರೆ. ಏನು ಬರೆದರೂ ಕೆಳಗೆ ನಿನ್ನ ಹೆಸರು ಪೂರ್ತಿ ಬರೆ, ನೋಡಬೇಕು ನಾನು. ಬೇಗ ಬರೆ.